ಬೀಳುವಾಗ ಕೈ ಎಲ್ಲಿತ್ತು

ಜುಲೈ ಹದಿನೆಂಟು, ಗುರುವಾರ, ಬೆಳಿಗ್ಗೆ ಐದೂವರೆ. ಬೀದರಿನ ಒಂದು ಆಸ್ಪತ್ರೆಯ ಹೆಂಗಸರ ಎಲುಬಿನ ವಾರ್ಡು. ಹಾಜರಿದ್ದವರು: ಮೂರನೇ ಮಂಚದಲ್ಲಿ ನಾನು, ಬಲ ಮಣಿಕಟ್ಟು ಮುರಿದಿತ್ತು. ನಾಲ್ಕನೆಯದರಲ್ಲಿ ಔರಾದ್ ಕಡೆಯ ಒಬ್ಬ ಅವ್ವ, ಎಡ ತೊಡೆ ಮುರಿದಿತ್ತು. ಆಕೆಯ ಮಂಚದ ಪಕ್ಕ ಚಾಪೆಯ ಮೇಲೆ ಆಕೆಯ ಸೊಸೆ. ಐದನೆಯದರಲ್ಲಿ ಹಳೇ ಊರಿನ ಒಬ್ಬ ಮುಸ್ಲಿಂ ಹೆಂಗಸು, ಎಲ್ಲರೂ ಖಾಲಾ ಅನ್ನುತ್ತಿದ್ದರು; ಆಕೆಗೆ ಕೊರಳೆಲುಬು ಮತ್ತು ಎರಡು ಪಕ್ಕೆಲುಬು. ರಾತ್ರಿ ಪಾಳಿಯ ನರ್ಸ್ ಮೇಜಿಗೆ ತಲೆಯಿಟ್ಟಿದ್ದಳು. ಅದನ್ನು ಬರೆಯುವುದು ಬೇಡವಾಗಿತ್ತು, ಆದರೆ ಡೈರಿಯಲ್ಲಿ ಬರೆದಾಗಿದೆ, ಇಲ್ಲೂ ಇರಲಿ.

ನಾನು ಇಂಥವೇ ವಾರ್ಡುಗಳಲ್ಲಿ ಮೂವತ್ತನಾಲ್ಕು ವರ್ಷ ಸಿಸ್ಟರ್ ಆಗಿದ್ದವಳು. ಹುಟ್ಟಿದ್ದು ಭಾಲ್ಕಿಯಲ್ಲಿ. ಬೆಳೆದದ್ದು ಮಿಶನ್ ಬೋರ್ಡಿಂಗಿನಲ್ಲಿ, ಐದರ ಗಂಟೆಗೆ ಎದ್ದು, ಹಾಸಿಗೆಯ ಮೂಲೆ ಮಡಚಿ, ಪ್ರಾರ್ಥನೆ ಮುಗಿಸಿ. ನಿವೃತ್ತಿಯಾಗಿ ಚಿದ್ರಿಯಲ್ಲಿ ತಂಗಿಯ ಜೊತೆ ಮನೆ ಮಾಡಿದ ಮೇಲೂ ಐದಕ್ಕೇ ಏಳುತ್ತೇನೆ, ಐದೂವರೆಗೆ ಡೈರಿ ತೆರೆದು ದಿನಾಂಕ, ಸಮಯ, ಹಾಜರಿದ್ದವರನ್ನು ಬರೆಯುತ್ತೇನೆ. ಮನೆಯಲ್ಲಿ ಹಾಜರಿರುವವರು ನಾನು, ತಂಗಿ ಮತ್ತು ಹಾಲಿನವನು. ಬಚ್ಚಲಿನ ಹೊಸ್ತಿಲಲ್ಲಿ ಜಾರಿ ಬಿದ್ದು, ಮಣಿಕಟ್ಟಿಗೆ ಪ್ಲೇಟ್ ಹಾಕಿಸಿಕೊಂಡು ಮಲಗಿದ್ದಾಗಲೂ ಬರೆಯುವುದು ತಪ್ಪಲಿಲ್ಲ. ಎಡಗೈಯಲ್ಲಿ ಬರೆದೆ. ಅಕ್ಷರಗಳು ಒಂದನೇ ಇಯತ್ತೆಯ ಮಕ್ಕಳ ಹಾಗೆ ಒಂದರ ಮೇಲೊಂದು ಹತ್ತಿಕೊಂಡು ನಿಂತವು.

ಕೆಲಸದಲ್ಲಿದ್ದಾಗ ಕೈ, ಭುಜ ಮುರಿದು ಬಂದ ಪ್ರತಿಯೊಬ್ಬರಿಗೂ ನಾನು ಕೇಳುತ್ತಿದ್ದ ಒಂದು ಪ್ರಶ್ನೆ ಇತ್ತು: ಬೀಳುವಾಗ ಕೈ ಎಲ್ಲಿತ್ತು? ಕೇಸ್ ಶೀಟಿನಲ್ಲಿ ಅದಕ್ಕೆ ಜಾಗವಿಲ್ಲ. ನನ್ನ ಸ್ವಂತ ಕುತೂಹಲಕ್ಕೆ ಕೇಳುತ್ತಿದ್ದೆ. ಅಂಗೈ ಊರಿದವರಿಗೆ ಮಣಿಕಟ್ಟು ಹೋಗುತ್ತದೆ. ಮೊಣಕೈ ಊರಿದವರಿಗೆ ಮೊಣಕೈ. ಕೈ ಊರಲು ಪುರುಸೊತ್ತೇ ಸಿಗದವರಿಗೆ ಭುಜ ಅಥವಾ ಕೊರಳೆಲುಬು. ಬಗದಲ್‌ನ ಒಬ್ಬ ಮುದುಕ ಕಬ್ಬಿನ ಗಾಡಿಯಿಂದ ಬಿದ್ದಾಗ ಒಂದು ಕೈಯಲ್ಲಿ ಬಾರುಕೋಲು, ಇನ್ನೊಂದು ಕೈಯಲ್ಲಿ ಉರಿಯುವ ಬೀಡಿ ಹಿಡಿದಿದ್ದ. ಎರಡನ್ನೂ ಬಿಡಲಿಲ್ಲ, ಎರಡೂ ಭುಜ ಕಳಚಿಕೊಂಡ. ಎಲುಬು ಮುರಿಯುವುದು ಬಿದ್ದ ಜಾಗದಿಂದಲ್ಲ, ಆ ಕ್ಷಣದಲ್ಲಿ ಮನುಷ್ಯ ಯಾವುದನ್ನು ಬಿಡಲು ಒಪ್ಪಲಿಲ್ಲವೋ ಅದರಿಂದ ಎಂದು ನನಗೆ ಬಹಳ ಸಲ ಅನಿಸಿದೆ.

ಈಗ ನಾನೇ ರೋಗಿ. ಆದರೂ ಬಂದ ದಿನವೇ ಪಕ್ಕದ ಎರಡೂ ಮಂಚದವರನ್ನು ಕೇಳಿದೆ.

"ಕೈ ಡಬ್ಬಿ ಮ್ಯಾಲ ಇತ್ತು, ಆಪಾ," ಎಂದಳು ಖಾಲಾ. "ಮಗಳ ಮನಿಯಿಂದ ಶೀರಖುರ್ಮಾ ತರ್ತಿದ್ದೆ. ಆಟೋದಾಂವ ತಿರುವಿನ್ಯಾಗ ನನ್ನ ಹೊರಗ ಒಗದ. ಹಡ್ಡಿ ಟೂಟಿ, ಡಬ್ಬಾ ನೈ ಟೂಟಾ; ಎಲುಬು ಮುರೀತು, ಡಬ್ಬಿ ಮುರೀಲಿಲ್ಲ. ಒಂದ ಹನಿ ಚೆಲ್ಲಿಲ್ಲ ನೋಡ್ರಿ!"

ಔರಾದಿನ ಅವ್ವ ತಡವಾಗಿ ಉತ್ತರ ಕೊಟ್ಟಳು. ಭಾನುವಾರ ಕಮಠಾಣದಲ್ಲಿ ನೆಂಟರ ಮನೆಯ ನಿಶ್ಚಯಕ್ಕೆ ಮಗನ ಬೈಕಿನಲ್ಲಿ ಹೊರಟಿದ್ದಳು. ನಮ್ಮ ಹೆಂಗಸರು ಕೂಡುವ ಹಾಗೆ ಎರಡೂ ಕಾಲು ಎಡಕ್ಕೆ ಇಳಿಬಿಟ್ಟು ಕೂತಿದ್ದಳು. ರಸ್ತೆಯ ಹಂಪು ಮಗನಿಗೆ ಕಾಣಲಿಲ್ಲ. ಎಡಕ್ಕೆ ಬಿದ್ದಳು, ತೊಡೆ ಮುರಿಯಿತು. ಮಂಗಳವಾರ ಒಳಗೆ ರಾಡ್ ಹಾಕಿದರು.

"ಬಲಗೈ ಲಿಂಗದ ಮ್ಯಾಲ ಇತ್ರಿ, ಸಿಸ್ಟರಮ್ಮ. ಅದನ್ನ ಹಿಡಕೊಂಡೇ ಬಿದ್ದೆ."

"ಎಡಗೈ?"

"ಅದು ಯಾರಿಗಿ ಗೊತ್ತ್ರಿ. ಎಡಗೈ ತನ್ನ ಪಾಡಿಗಿ ತಾ ಇತ್ತು."

ಆ ಉತ್ತರ ನನಗೆ ಸಾಕಾಗಲಿಲ್ಲ. ಎಡಕ್ಕೆ ಬಿದ್ದವರ ಎಡಗೈ ತನ್ನ ಪಾಡಿಗೆ ಇರುವುದು ಹೇಗೆ?

ಆಕೆಯ ಕೊರಳಲ್ಲಿ ಇಷ್ಟಲಿಂಗವಿತ್ತು, ಮೊಟ್ಟೆ ಗಾತ್ರದ ಬೆಳ್ಳಿಯ ಕರಡಿಗೆಯಲ್ಲಿ, ದಾರಕ್ಕೆ ಕಟ್ಟಿ. ಹನ್ನೆರಡನೇ ವಯಸ್ಸಿನಿಂದ ಮೈಯಿಂದ ಅಗಲಿಸಿಲ್ಲವೆಂದಳು. ಬೆಳಿಗ್ಗೆ ಸಂಜೆ ಅದನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡದೆ ನೀರನ್ನೂ ಮುಟ್ಟುವವಳಲ್ಲ. ಆಪರೇಷನ್ ದಿನ ಥಿಯೇಟರಿನ ಸಿಸ್ಟರ್ ಒಬ್ಬಳು ಕರಡಿಗೆಯನ್ನು ಬಲ ಮಣಿಕಟ್ಟಿಗೆ ಕಟ್ಟಿ ಮೇಲೆ ಬಟ್ಟೆ ಸುತ್ತಿದ್ದಳಂತೆ. "ಆ ಹುಡುಗಿಗಿ ಪುಣ್ಯ ಬರಲಿ," ಎಂದು ದಿನಕ್ಕೆರಡು ಸಲ ಹೇಳುತ್ತಿದ್ದಳು.

ಇನ್ನು ಗುರುವಾರದ ವಿಷಯ. ರೋಗಿ ಪೂಜೆಗೋ ನಮಾಜಿಗೋ ಕೂತರೆ ಪರದೆ ಎಳೆಯಬೇಕು, ಬೆನ್ನು ತಿರುಗಿಸಬೇಕು: ಇದು ನನಗೆ ಕಲಿಸಿದ ನಿಯಮ, ನಾನು ಎಷ್ಟೋ ನರ್ಸ್ ಹುಡುಗಿಯರಿಗೆ ಕಲಿಸಿದ ನಿಯಮ. ಹಾಗಾಗಿ ಅಷ್ಟು ವರ್ಷ ಲಿಂಗವಂತರ ನಡುವೆ ಕೆಲಸ ಮಾಡಿಯೂ ಒಂದು ಲಿಂಗಪೂಜೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿದವಳಲ್ಲ. ಆ ದಿನ ಪರದೆಯ ಗಾಲಿ ಕಳಚಿ ಬಿದ್ದಿತ್ತು. ಮಣಿಕಟ್ಟಿನ ನೋವಿಗೆ ನಾನು ಅವ್ವನ ಕಡೆಯ ಮಗ್ಗುಲಿಗೇ ಮಲಗಬೇಕಾಗಿತ್ತು. ಕಣ್ಣು ಮುಚ್ಚಬಹುದಿತ್ತು. ಮುಚ್ಚಲಿಲ್ಲ.

ಸೊಸೆ ಅತ್ತೆಯ ಬೆನ್ನಿಗೆ ದಿಂಬು ಕೊಟ್ಟು ಕೂಡಿಸಿ, ಹಣೆಗೆ ವಿಭೂತಿ ಹಚ್ಚಿದಳು. ಅವ್ವ ಬಲಗೈಯಿಂದ ಕರಡಿಗೆ ಬಿಚ್ಚಿದಳು. ಆಮೇಲೆ ಮಾಡಿದ್ದು ನನಗೆ ವಿಚಿತ್ರವಾಗಿ ಕಂಡಿತು. ಬಲಗೈಯಿಂದಲೇ ಎಡಗೈಯ ಮಣಿಕಟ್ಟು ಹಿಡಿದು, ಬೇರೆ ಯಾರದೋ ಕೈಯನ್ನು ಎತ್ತಿಡುವ ಹಾಗೆ ಅದನ್ನು ತೊಡೆಯ ಮೇಲಿನ ದಿಂಬಿಗೆ ತಂದಿಟ್ಟಳು. ಅಂಗೈ ಮೇಲೆ ಲಿಂಗ ಇಟ್ಟಳು. ಅಂಗೈ ಮೇಲೇಳಲಿಲ್ಲ. ಆಕೆಯೇ ಕತ್ತು ಬಗ್ಗಿಸಿ, ಗೂನು ಬೆನ್ನಿನವಳಂತೆ ಬಾಗಿ, ದಿಂಬಿನ ಮೇಲಿನ ಅಂಗೈಯನ್ನು ನೋಡಿದಳು.

ಪೂಜೆ ಮುಗಿಯಲಿ ಎಂದು ಕಾದೆ. ಸೊಸೆ ಲೋಟ ತೊಳೆಯಲು ನಳದ ಕಡೆ ಹೋದಾಗ ನಾನೂ ಎದ್ದು ಹೋದೆ.

"ಮನಿಯಾಗೂ ಹಿಂಗೇ ಮಾಡ್ತಾರೇನವಾ ನಿಮ್ಮತ್ತಿ?"

"ಇಲ್ರಿ, ಅಕ್ಕಾರ. ಮನಿಯಾಗ ಕೈ ಕಣ್ಣಿಗಿ ಸರಿಯಾಗಿ ಹಿಡಿತಾರ. ಅರ್ಧಾ ತಾಸು ಹಿಡದ್ರೂ ನಡಗಂಗಿಲ್ಲ. ಇಲ್ಲಿ ಮಲಗಿ ಮಲಗಿ ಕೈ ಜೋಮು ಹಿಡದದ ಅಂತಾರ."

"ಆ ಮೊಳಕೈ ಹತ್ರ ನೀಲಿ ಆಗಿದ್ದು ಯಾವಾಗಿಂದ?"

"ಅದು ಸಲಾಯಿನ್ ಸೂಜಿದ್ರಿ."

ಸಲಾಯಿನ್ ಸೂಜಿ ಬಲಗೈಯಲ್ಲಿತ್ತು. ಅದನ್ನು ನಾನು ಮಂಗಳವಾರ ಬಂದ ಕೂಡಲೇ ನೋಡಿದ್ದೆ; ಇಂಥದ್ದು ನನ್ನ ಕಣ್ಣಿಗೆ ತಾನಾಗಿ ಬೀಳುತ್ತದೆ. ನೀಲಿ ಇದ್ದದ್ದು ಎಡಗೈಯಲ್ಲಿ, ರವಿಕೆಯ ಉದ್ದ ತೋಳಿನ ಅಂಚಿನ ಕೆಳಗೆ. ಅದರ ಅಂಚು ಹಳದಿಗೆ ತಿರುಗಿತ್ತು, ಅಂದರೆ ನಾಲ್ಕು ದಿನದ್ದು. ಮೊಣಕೈ ಮಾತ್ರ ಚೆನ್ನಾಗಿಯೇ ಮಡಚುತ್ತಿತ್ತು. ನೆತ್ತರು ನೀರಿನ ಹಾಗೆ, ಇಳಿಜಾರಿಗೆ ಹರಿಯುತ್ತದೆ. ಮೇಲೆ ಭುಜದಲ್ಲಿ ಒಡೆದದ್ದು ಕೆಳಗೆ ಮೊಣಕೈಯಲ್ಲಿ ಬಂದು ತೋರುತ್ತದೆ.

ಹಾಗಾದರೆ ಎಕ್ಸ್‌ರೇಯಲ್ಲಿ ಯಾಕೆ ಕಾಣಲಿಲ್ಲ? ಭಾನುವಾರ ಎದೆಯ ಚಿತ್ರ ತೆಗೆದಿದ್ದರು, ಅದರಲ್ಲಿ ಎರಡೂ ಭುಜಗಳು ಬಂದಿರುತ್ತವೆ. ಬುಧವಾರ ಸಂಜೆ ಸೊಸೆ ಆ ಫಿಲ್ಮನ್ನು ನನಗೇ ತೋರಿಸಿದ್ದಳು. ಕಿಟಕಿಗೆ ಹಿಡಿದು ನೋಡಿದ್ದೆ. ಎಡ ಭುಜದ ಮೇಲೆ ಮೊಟ್ಟೆಯಾಕಾರದ ಬೆಳ್ಳನೆಯ ಕಲೆ ಇತ್ತು. "ಇದು ನಿಮ್ಮತ್ತಿಯ ಲಿಂಗ," ಎಂದು ನಕ್ಕು ಹಿಂದಕ್ಕೆ ಕೊಟ್ಟಿದ್ದೆ. ಈಗ ನಳದ ಮುಂದೆ ನಿಂತು ಅದು ಅಲ್ಲಿಗೆ ಹೇಗೆ ಹೋಯಿತೆಂದು ಕೇಳಿದೆ. ಎಕ್ಸ್‌ರೇ ತೆಗೆಯುವವನು ಕರಡಿಗೆ ತೆಗೆದಿಡಿರಿ ಎಂದನಂತೆ. ಅವ್ವ ಜೀವ ಹೋದರೂ ತೆಗೆಯುವುದಿಲ್ಲ ಎಂದಳಂತೆ. ಸರಿ, ಎದೆಯ ಮೇಲಿಂದ ಬದಿಗಾದರೂ ಸರಿಸಿರಿ ಎಂದನಂತೆ. ಅವ್ವ ಎಡಕ್ಕೆ ಸರಿಸಿದಳು. ಮೈಯಿಂದ ಲಿಂಗ ತೆಗೆಸಿದ ಪಾಪ ಯಾರಿಗೂ ಬರಲಿಲ್ಲ, ಎದೆಯೂ ಸ್ವಚ್ಛವಾಗಿ ಕಂಡಿತು. ಅವನು ನೋಡಿದ, ಡಾಕ್ಟರು ನೋಡಿದರು, ಮೂವತ್ತನಾಲ್ಕು ವರ್ಷದ ನಾನೂ ನೋಡಿದೆ. ಲಿಂಗವನ್ನು ಎಲ್ಲರೂ ಗುರುತಿಸಿದೆವು. ಅದರ ಹಿಂದೆ ಏನಿದೆ ಎಂದು ಯಾರೂ ಕೇಳಲಿಲ್ಲ.

ಹನ್ನೊಂದು ಗಂಟೆಗೆ ಆಕೆಯನ್ನು ವಾಕರ್ ಹಿಡಿಸಿ ನಿಲ್ಲಿಸುವುದಿತ್ತು. ನನಗೆ ಗಾಬರಿಯಾದದ್ದು ಅದಕ್ಕೆ. ವಾಕರ್ ಹಿಡಿದವರು ಮುರಿದ ಕಾಲಿನ ಭಾರವನ್ನೆಲ್ಲ ಎರಡು ಕೈಗೆ ಹಾಕುತ್ತಾರೆ. ಒಳಗೆ ಬಿರುಕುಬಿಟ್ಟು ಕೂತಿರುವ ಎಲುಬು ಅಷ್ಟು ಭಾರಕ್ಕೆ ಜರುಗಿದರೆ, ಆ ಕೈ ಮುಂದೆ ಕಣ್ಣಿನ ಮಟ್ಟಕ್ಕಿರಲಿ, ಎದೆಯ ಮಟ್ಟಕ್ಕೂ ಏಳುವುದು ಕಷ್ಟ.

ಏಳು ಗಂಟೆಗೆ ನಾನು ಅವ್ವನ ಮಂಚದ ಬಳಿ ಸ್ಟೂಲ್ ಎಳೆದುಕೊಂಡು ಕೂತೆ.

"ಅವ್ವಾ, ಎಡ ಹೆಗಲ ಒಮ್ಮಿ ಮುಟ್ಟಿ ನೋಡ್ತೇನಿ."

"ಯಾಕ್ರಿ? ಅದಕ್ಕೇನಾಗ್ಯಾದ?"

"ಏನೂ ಆಗಿಲ್ಲಂದ್ರ ಮುಟ್ಟಿದ್ರ ಏನು ಹೋಯ್ತು?"

ಮೊದಲು ಬಲ ಭುಜ, ಆಮೇಲೆ ಎಡ. ಯಾವಾಗಲೂ ಒಳ್ಳೆಯ ಬದಿಯಿಂದ ಶುರುಮಾಡಬೇಕು. ಎಡಕ್ಕೆ ನನ್ನ ಬೆರಳು ತಾಗುವ ಮೊದಲೇ ಆಕೆಯ ತುಟಿ ಬಿಗಿಯಿತು. ಮುಟ್ಟಿದಾಗ ಕಣ್ಣಲ್ಲಿ ನೀರು ಬಂತು.

"ಎಷ್ಟು ದಿನದಿಂದ ಅದ?"

"ಬಿದ್ದ ದಿನದಿಂದ್ರಿ," ಎಂದಳು ಮೆಲ್ಲಗೆ. "ಆಪರೇಷನ್ ದಿನ ಈ ಕೈ ಎತ್ತಿ ಎದಿ ಮ್ಯಾಲಿಂದ ಕಟ್ಟಿದಾಗ ಜೀವ ಹೋಗಿ ಬಂತು. ಓಂ ನಮಃ ಶಿವಾಯ ಅನಕೋತ ಮಲಗಿದೆ."

"ಡಾಕ್ಟರು ದಿನಾ ಕೇಳ್ತಾರಲ್ಲ, ಬ್ಯಾರೆ ಎಲ್ಲಿ ಬ್ಯಾನಿ ಅದ ಅಂತ. ಯಾಕ ಹೇಳಲಿಲ್ಲ?"

ಆಕೆ ಗದ್ದ ಎತ್ತಿ ಐದನೇ ಮಂಚದ ಕಡೆ ತೋರಿಸಿದಳು. ಖಾಲಾಳ ತೋಳನ್ನು ಎದೆಗೆ ಒತ್ತಿ, ಅಗಲ ಪಟ್ಟಿಯಿಂದ ಬೆರಳ ತುದಿಯವರೆಗೆ ಸುತ್ತಿದ್ದರು.

"ಹಂಗ ಕಟ್ತಾರ್ರಿ. ಈ ಕೈ ಕಟ್ಟಿದ್ರ ಲಿಂಗ ಎಲ್ಲಿ ಇಡ್ಲಿ? ಬಲಗೈಯಾಗ ಇಡಂಗಿಲ್ಲ. ಪೂಜಿ ಇಲ್ಲಂದ್ರ ನೀರಿಲ್ಲ, ನೀರಿಲ್ಲಂದ್ರ ಗುಳಗಿ ಹ್ಯಾಂಗ ನುಂಗ್ಲಿ? ನೀವ ಹೇಳ್ರಿ."

ಖಾಲಾ ಎಲ್ಲ ಕೇಳಿಸಿಕೊಂಡಿದ್ದಳು. "ನನ್ನ ಕಡಿ ಬೆರಳ ಮಾಡಬ್ಯಾಡ್ರಿ, ಬಾಯಿ! ನಾ ನಕ್ಕೋ ನಕ್ಕೋ, ಬ್ಯಾಡ ಬ್ಯಾಡ ಅಂದ್ರೂ ಸಮೋಸಾದಂಗ ಮಡಚಿ ಇಟ್ಟಾರ. ಪಕ್ಕೆಲುಬು ಸುದ್ದಾ ಮುರದಾವ ಅಂತ ಹಿಂಗ. ನಿಮಗ ಹಿಂಗೇ ಕಟ್ತಾರಂತ ಯಾರು ಹೇಳಿದ್ರು?"

"ನೀ ಸುಮ್ಮ ಮಲಕೋ," ಎಂದಳು ಅವ್ವ. ಆಮೇಲೆ ನನ್ನ ಎಡಗೈ ಹಿಡಿದುಕೊಂಡು, "ಸಿಸ್ಟರಮ್ಮ, ನಿಮ್ಮ ದೇವರ ಆಣಿ. ಯಾರ ಮುಂದೂ ಹೇಳಬ್ಯಾಡ್ರಿ," ಎಂದಳು.

ಕೆಲಸದಲ್ಲಿದ್ದಾಗ ಇದಕ್ಕೆ ಉತ್ತರ ಸುಲಭ. ನೇರ ಮೇಜಿಗೆ ಹೋಗಿ ಬರೆಯುವುದು. ಈಗ ನಾನೂ ಮಂಚದ ನಂಬರು ಹೊತ್ತವಳು. ಆಕೆ ತಾನಾಗಿ ಹೇಳಲಿ ಎಂದು ನನಗೆ ಆಸೆ. ಹನ್ನೊಂದರೊಳಗೆ ಹೇಳದಿದ್ದರೆ ನಾನೇ ಹೇಳುವವಳಿದ್ದೆ, ಆಣೆ ಇದ್ದರೂ. ಅದನ್ನೂ ಆಕೆಗೆ ತಿಳಿಸಿದೆ. ಹಿಂದಿನಿಂದ ಮಾಡುವ ಕೆಲಸ ನನಗೆ ಒಗ್ಗುವುದಿಲ್ಲ.

"ಅವ್ವಾ, ಹೊಲ ಮಾಡಿದವರು ನೀವು. ಜ್ವಾಳದ ದಂಟು ಗಾಳಿಗಿ ಅರ್ಧ ಮುರದು ನಿಂತಿರ್ತದ. ಅದರ ಪಾಡಿಗಿ ಬಿಟ್ರ ಏನಾಗ್ತದ?"

"ನಿಲ್ತದ್ರಿ. ತೆನಿ ಸುದ್ದಾ ಬರ್ತದ ಕೆಲವೊಮ್ಮಿ."

"ಅದರ ಮ್ಯಾಲ ಕೈ ಊರಿ ನಿಂತ್ರ?"

ಆಕೆ ನನ್ನ ಕೈ ಬಿಟ್ಟು ತನ್ನ ಎಡ ಮೊಣಕೈ ಹಿಡಿದುಕೊಂಡಳು.

"ಹನ್ನೊಂದಕ್ಕ ವಾಕರ್ ತರ್ತಾರ. ನೀವು ಊರೋದು ಆ ದಂಟಿನ ಮ್ಯಾಲೇ. ಇವತ್ತು ಹೇಳಿದ್ರ ಕೆಲವು ವಾರದ ಮಾತು. ಹೇಳಲಿಲ್ಲಂದ್ರ ಲಿಂಗ ಹಿಡಿಯೋ ಕೈಯೇ ಹೋಗ್ತದ."

ಬಹಳ ಹೊತ್ತು ಕರಡಿಗೆಯ ಮೇಲೆ ಬೆರಳಾಡಿಸುತ್ತ ಕೂತಳು. ಆಮೇಲೆ ಸೊಸೆಗೆ, "ಏ, ಆ ಎದಿದು ದೊಡ್ಡ ಫೋಟೋ ತೆಗಿ," ಎಂದಳು.

ಒಂಬತ್ತೂವರೆಗೆ ರೌಂಡಿಗೆ ಬಂದ ಡಾಕ್ಟರು ಮೈಸೂರು ಕಡೆಯ ಚಿಕ್ಕ ವಯಸ್ಸಿನ ಹೆಂಗಸು, ನಡೆಯುವುದೇ ಓಡಿದ ಹಾಗೆ. "ಹೇಗಿದ್ದೀರಿ ಅಜ್ಜಿ? ಇವತ್ತು ನಡೆಸ್ತೀವಿ ನಿಮ್ಮನ್ನ," ಎಂದರು. ಅವ್ವ ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಎಡ ಹೆಗಲ ಏಳವಲ್ದ್ರಿ, ಬಾಯಾರ. ಬಿದ್ದಾಗಿಂದ."

ಡಾಕ್ಟರು ನಿಂತರು. ಸೊಸೆ ಫಿಲ್ಮ್ ಕೊಟ್ಟಳು. ಅವರು ಕಿಟಕಿಗೆ ಹಿಡಿದು, "ಇದು ಅಜ್ಜಿಯ ಕರಡಿಗೆ ಅಲ್ವಾ?" ಎಂದರು.

"ಹೌದು ಡಾಕ್ಟರ್," ಎಂದೆ ನಾನು. "ನಾನೂ ನಿನ್ನೆ ಅಷ್ಟೇ ನೋಡಿದೆ. ಅದರ ಹಿಂದೆ ಏನಿದೆ ಅನ್ನೋದು ಇದರಲ್ಲಿ ಕಾಣೋದಿಲ್ಲ."

ಅವರು ಫಿಲ್ಮ್ ಕೆಳಗಿಳಿಸಿದರು. ಸಿಟ್ಟು ಮಾಡುತ್ತಾರೇನೋ ಅಂದುಕೊಂಡೆ. ಮಾಡಲಿಲ್ಲ. ತಾವೇ ರವಿಕೆಯ ತೋಳು ಸರಿಸಿ ನೀಲಿಯನ್ನು ನೋಡಿದರು, ಭುಜ ಮುಟ್ಟಿದರು, ಬೆರಳು ಆಡಿಸಿ ಎಂದರು. "ವಾಕರ್ ಬೇಡ. ಮೊದಲು ಭುಜದ ಎಕ್ಸ್‌ರೇ. ಕರಡಿಗೆ ತೆಗೀಬೇಕಾಗುತ್ತೆ ಅಜ್ಜಿ."

"ಅದೊಂದ ಆಗಂಗಿಲ್ರಿ."

"ಬಲ ಮಣಿಕಟ್ಟಿಗೆ ಕಟ್ಟಿ ಡಾಕ್ಟರ್," ಎಂದೆ. "ಮಂಗಳವಾರ ನಿಮ್ಮ ಥಿಯೇಟರಿನಲ್ಲಿ ಹಾಗೇ ಮಾಡಿದ್ದಾರೆ. ಮೈಮೇಲೂ ಇರುತ್ತೆ, ಭುಜದ ಮೇಲೂ ಇರಲ್ಲ."

ಡಾಕ್ಟರು ಅವ್ವನ ಕಡೆ ನೋಡಿದರು. "ನಡೀತದ್ರಿ," ಎಂದಳು ಅವ್ವ. ಭಾನುವಾರ ಯಾರಾದರೂ ಇಷ್ಟು ಹೇಳಿದ್ದರೆ ಅಂದೇ ಮುಗಿಯುತ್ತಿತ್ತು. ಥಿಯೇಟರಿನ ಹುಡುಗಿಗೆ ಗೊತ್ತಿದ್ದ ಉಪಾಯ ಎಕ್ಸ್‌ರೇ ಕೋಣೆಗೆ ಗೊತ್ತಿರಲಿಲ್ಲ. ಎರಡರ ನಡುವೆ ಇರುವುದು ಒಂದು ಓಣಿಯಷ್ಟು ದೂರ. ನನ್ನ ಕಾಲದಲ್ಲೂ ಹೀಗೇ ಎಷ್ಟು ಭುಜಗಳು ಕರಡಿಗೆ, ತಾಯಿತ, ಬೆಳ್ಳಿ ಸರಗಳ ಹಿಂದೆ ಅಡಗಿ ಮನೆಗೆ ಹೋದವೋ. ಲೆಕ್ಕ ಹಾಕಲು ಈಗ ದಾರಿಯಿಲ್ಲ.

ಹನ್ನೆರಡಕ್ಕೆ ಚಿತ್ರ ಬಂತು. ತೋಳಿನ ಎಲುಬು ಭುಜದ ಗುಂಡಿನ ಕೆಳಗೆ, ಕುತ್ತಿಗೆಯಂತೆ ಸಣ್ಣಗಾಗುವ ಕಡೆ, ಮುರಿದಿತ್ತು. ಸೂಕ್ಷ್ಮವಾದ ಗೆರೆ. ಮುರಿದ ಎರಡೂ ತುದಿಗಳು ಒಂದರೊಳಗೊಂದು ಕಚ್ಚಿಕೊಂಡು ಕೂತಿದ್ದವು, ಜಾಗ ಬಿಟ್ಟಿರಲಿಲ್ಲ. ನಾನು ಫಿಲ್ಮನ್ನು ಬಹಳ ಹೊತ್ತು ನೋಡಿದೆ. ಬಲಗೈ ಲಿಂಗವನ್ನು ಹಿಡಿದಿತ್ತು, ಎಡಗೈ ಊರಲು ಸಮಯ ಸಾಲಲಿಲ್ಲ, ಭುಜವೇ ನೆಲಕ್ಕೆ ಬಡಿಯಿತು. ಎಡಗೈ ಎಲ್ಲಿತ್ತೆಂದು ಆಕೆಗೆ ಗೊತ್ತಿರಲಿಲ್ಲ, ಎಲುಬಿನಲ್ಲಿ ಬರೆದಿತ್ತು.

"ಆಪರೇಷನ್ ಬೇಕಾಗಿಲ್ಲ ಅಜ್ಜಿ," ಎಂದರು ಡಾಕ್ಟರು. "ಮೂರು ವಾರ ಜೋಳಿಗೆ ಪಟ್ಟಿ. ಅಲ್ಲಿವರೆಗೆ ಮಂಚದಿಂದ ಕುರ್ಚಿಗೆ ಮಾತ್ರ, ಇಬ್ಬರು ಹಿಡಿದು. ಆ ಕೈಗೆ ಭಾರ ಬೇಡ."

"ಬೆರಳ ಕಟ್ತೀರೇನು?"

"ಇಲ್ಲ. ಬೆರಳು, ಮಣಿಕಟ್ಟು ಬಿಟ್ಟೇ ಇರುತ್ತೆ. ಆಡಿಸ್ತಾನೇ ಇರಬೇಕು."

"ಮೂರು ವಾರ ಆದಮ್ಯಾಲ ಕೈ ಕಣ್ಣಿಗಿ ಏರ್ತದೇನ್ರಿ?"

ಡಾಕ್ಟರು ಸುಳ್ಳು ಹೇಳಲಿಲ್ಲ. "ವ್ಯಾಯಾಮ ಮಾಡಿದ್ರೆ ತುಂಬ ಮಟ್ಟಿಗೆ ಏರುತ್ತೆ. ಪೂರ್ತಿ ಅಂತ ಈಗಲೇ ಹೇಳಲಾರೆ. ಇವತ್ತು ವಾಕರ್ ಹಿಡಿದಿದ್ರೆ ಏರ್ತಾ ಇರ್ಲಿಲ್ಲ."

ಅವರು ಹೋದ ಮೇಲೆ ಖಾಲಾ ಗೋಡೆಗೆ ಹೇಳುವವಳ ಹಾಗೆ ಹೇಳಿದಳು: "ನಾ ಡಬ್ಬಿ ಉಳಿಸಾಕ ಹೋಗಿ ಮುರಕೊಂಡೆ, ಅವರು ದೇವರನ್ನ ಉಳಿಸಾಕ ಹೋಗಿ ಮುರಕೊಂಡ್ರು. ಬೈಕಿನ್ಯಾಗಿಂದ ಬಿದ್ರ ದೇವರಿಗೇನಾಗ್ತದ, ಬಾಯಿ? ಅವನ ಕೆಲಸ ನಮ್ಮನ್ನ ಉಳಸೋದು!"

"ಉಳಿಸ್ಯಾನಲ್ಲ ಮತ್ತ," ಎಂದಳು ಅವ್ವ. "ಇಲ್ಲಂದ್ರ ನಿನ್ನ ಮಾತು ಕೇಳ್ಲಿಕ್ಕಿ ಯಾರಿರ್ತಿದ್ರು?" ನಾನು ಬಂದ ಮೇಲೆ ಆಕೆ ನಕ್ಕಿದ್ದು ಅದೇ ಮೊದಲು. ನಕ್ಕಿದ್ದಕ್ಕೆ ಭುಜ ನೊಂದು, "ಏ, ನಗಸಬ್ಯಾಡ," ಎಂದು ಬೈದಳು.

ಮಧ್ಯಾಹ್ನದ ನರ್ಸ್ ಬಂದು ಪಟ್ಟಿ ಕಟ್ಟಿದಳು. ಚೆನ್ನಾಗಿಯೇ ಕಟ್ಟಿದಳು, ಆದರೆ ಅಂಗೈ ಹೊಟ್ಟೆಗೆ ತಾಗಿ ಕೆಳಮುಖವಾಗಿತ್ತು. ಅವ್ವ ನನ್ನ ಕಡೆ ನೋಡಿದಳು. ನಾನು ನರ್ಸಿಗೆ, ಮೊಣಕೈ ಕದಲಿಸದೆ ಗಂಟನ್ನು ಎರಡು ಬೆರಳು ಮೇಲಕ್ಕೆ ಕಟ್ಟಮ್ಮ, ಮಣಿಕಟ್ಟನ್ನು ಪಟ್ಟಿಯ ಅಂಚಿನಿಂದ ಹೊರಗೆ ಬಿಡು ಎಂದೆ. ಡಾಕ್ಟರನ್ನು ಕೇಳಿಕೊಂಡು ಬಂದು ಹಾಗೇ ಕಟ್ಟಿದಳು. ಈಗ ಕೈ ತಿರುಗಿಸಿದರೆ ಅಂಗೈ ಮೇಲ್ಮುಖವಾಗಿ, ಎದೆಯ ಸ್ವಲ್ಪ ಕೆಳಗೆ ನಿಲ್ಲುತ್ತಿತ್ತು. ಭಾರವೆಲ್ಲ ಪಟ್ಟಿಗೆ, ಭುಜಕ್ಕೆ ಏನೂ ಇಲ್ಲ.

ಸಂಜೆ ಆರಕ್ಕೆ ಅವ್ವ ಪೂಜೆಗೆ ಕೂತಳು. ಸೊಸೆ ಕರಡಿಗೆ ಬಿಚ್ಚಿಕೊಟ್ಟಳು. ಲಿಂಗ ಅಂಗೈಗೆ ಬಂತು, ಬೆರಳುಗಳು ಸುತ್ತ ಮೆಲ್ಲಗೆ ಮಡಚಿಕೊಂಡವು. ಬೆಳಗಿನ ಹಾಗೆ ಬಾಗಬೇಕಾಗಲಿಲ್ಲ. ಕಣ್ಣು ಕೆಳಗಿಳಿಸಿದರೆ ಸಾಕಾಯಿತು. ಕೈಯ ನೋವು ಮುಖದಲ್ಲಿ ಇತ್ತು, ಆದರೆ ಅದನ್ನು ಮುಚ್ಚಿಡುವ ಕೆಲಸ ಇರಲಿಲ್ಲ. ಇಷ್ಟು ನೋಡಿ ನಾನು ಗೋಡೆಯ ಕಡೆ ತಿರುಗಿದೆ.

ಪೂಜೆ ಮುಗಿದು, ಅವ್ವ ನೀರು ಕುಡಿದು ಗುಳಿಗೆ ನುಂಗಿದ ಮೇಲೆ, ಆಕೆಯ ತಲೆದಿಂಬಿನ ಮೇಲೆ ಗೋಡೆಗೆ ತೂಗುಹಾಕಿದ ಸೂಚನೆಯ ಹಲಗೆಯಲ್ಲಿ ಎಡಗೈಯ ವಕ್ರ ಅಕ್ಷರಗಳಲ್ಲಿ ಬರೆದೆ: ಎಡ ಭುಜ ಮುರಿದಿದೆ, ಭಾರ ಹಾಕಬಾರದು, ಎಕ್ಸ್‌ರೇಗೆ ಕರಡಿಗೆ ಬಲ ಮಣಿಕಟ್ಟಿಗೆ. ಕೊನೆಯದಾಗಿ, ಏಳು ಗಂಟೆಗೆ, ಪಟ್ಟಿ ಬಿಗಿಯಾಗಿ ರಕ್ತ ತಡೆದಿದೆಯೇ ಎಂದು ಆಕೆಯ ಎಡಗೈ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದೆ. ಉಗುರಿಗೆ ಬಣ್ಣ ಬೇಗ ಮರಳಿತು. ಬಿಸಿ ಇತ್ತು. ಐದೂ ಅಲುಗಾಡಿದವು. ಅದನ್ನು ಡೈರಿಯಲ್ಲಿ ಬರೆದು ಪೆನ್ನಿನ ಮುಚ್ಚಳ ಹಾಕಿದೆ.